ಪತ್ರಿ ಗಿಡದ ಬಿಳಿ ಹುಳ

ರೀ,

ನಾನು ಮಲ್ಕಾಜ್‌ಗಿರಿಗೆ ಅಕ್ಕನ ಮನಿಗೆ ಹೊಂಟೀನಿ. ಅನ್ನ, ಸಾರು ಕಟ್ಟಿ ಮ್ಯಾಲೆ ಅದಾವ, ಬಿಸಿ ಮಾಡ್ಕೊಂಡು ಉಣ್ರಿ.

ಪತ್ರಿ ಗಿಡದ ಕುಂಡದಾಗ ಇರೋ ಬಿಳಿ ಹುಳ ಗೆದ್ದಲ ಅಲ್ಲ. ಒಂದು ಚಮಚ ಮಣ್ಣು ನೀರಿನ ತಾಟಿನಾಗ ಹಾಕಿಟ್ಟೀನಿ, ಚಷ್ಮಾ ಹಾಕ್ಕೊಂಡು ನೋಡ್ರಿ. ನೀರ ಮ್ಯಾಲೆ ತೇಲಿಕೋತ ಚಂಗನ ಜಿಗ್ಯಾಕತ್ತಾವ. ಗೆದ್ದಲ ಎಲ್ಲೆರ ಜಿಗಿತಾವೇನ್ರಿ? ಫೋನಿನಾಗ ಒಂದು ಫೋಟೋ ಹಾಕಿ, ಅದು ಗೆದ್ದಲ ಅಂದ ಕೂಡಲೇ ದೊಡ್ಡ ಪಂಡಿತರಾದ್ರಿ!

ಇವಕ್ಕ ಸ್ಪ್ರಿಂಗ್‌ಟೇಲ್ ಅಂತಾರ. ಬೇರು ಮುಟ್ಟಂಗಿಲ್ಲ, ಕೊಳೆತದ್ದು ತಿಂತಾವ. ದಿನಾ ಲಿಂಗಪೂಜಿ ಮುಗಿಸಿ, ಯಾರೂ ತುಳೀಬಾರದು ಅಂತ ಹಾಲು-ಸಕ್ಕರಿ ನೀರೆಲ್ಲಾ ಆ ಕುಂಡಕ್ಕ ಸುರಿಯೋರು ಯಾರು? ಹುಳಕ್ಕ ಊಟ ಹಾಕಿದವರು ನೀವು, ಬೈಸಿಕೊಂಡಾಕಿ ಕೆಳಗಿನ ಮನಿ ಪದ್ಮಮ್ಮ. ಆಕಿ ಪ್ರೀತಿಲೆ ಕೊಟ್ಟ ಮಲ್ಲಿಗಿ ಕುಂಡದಾಗ ಒಂದೂ ಹುಳ ಇದ್ದಿಲ್ಲ. ಆದರೂ ಗೆದ್ದಲ ಅದರಿಂದನ ಬಂತು ಅಂತ ಮೆಟ್ಟಲ ಮ್ಯಾಲೆ ನಿಂತು ಒದರಿ, ಅದನ್ನ ವಾಪಸ್ ಕೊಟ್ಟು ಬಂದ್ರಿ.

ಕೋಠಿ ಬಜಾರದಿಂದ ತಂದ ಹುಳದ ಔಷಧದ ಬಾಟಲಿ ತೆಗೀಬ್ಯಾಡ್ರಿ. ನಾಳೆ ಅದೇ ಗಿಡದ ಪತ್ರಿ ಲಿಂಗಕ್ಕ ಏರಿಸೋರು ನೀವೇ.

ನಾ ಬರೋದ್ರಾಗ ಕೆಳಗ ಹೋಗಿ, ತಪ್ಪು ನಂದು ಅಂತ ಹೇಳಿ, ಮಲ್ಲಿಗಿ ಕುಂಡ ತಗೊಂಡು ಬರ್ರಿ. ನನಗ ತೆಲುಗು ಸರಿ ಬರಂಗಿಲ್ಲ ಅನಬ್ಯಾಡ್ರಿ. ಬೈಯಾಕ ಬಂದೈತಿ, ಇದಕ್ಕೂ ಬರ್ತೈತಿ.