ನಿನ್ನ ಪಾಲಿನ ಮೆಣಸಿನಕಾಯಿ

ಸುರೇಖಾ,

ನಮ್ಮ ಮಾತು ನಿಂತು, ನೀನು ಹಾವೇರಿಗೆ ಮನೆ ಬದಲಿಸಿದ ಮೇಲೆ ನಾನು ಇಲ್ಲಿ ರಾಣೇಬೆನ್ನೂರಿನ ಸೂಪರ್ ಮಾರ್ಕೆಟ್ಟಿಗೇ ಹೋಗುತ್ತೇನೆ. ಬುಟ್ಟಿ ಹಿಡಿದು ಎಷ್ಟು ಸುತ್ತಿದರೂ ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದಕ್ಕೇ ಹೋಗುತ್ತೇನೆ. ಆದರೆ ವರ್ಷದ ಖಾರದಪುಡಿಗೆ ಅಲ್ಲಿನ ಮೆಣಸಿನಕಾಯಿ ಒಗ್ಗಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಇರುವುದನ್ನು ಮುರಿದು ನೋಡುವುದು ಹೇಗೆ, ಮೂಸುವುದು ಹೇಗೆ? ಬ್ಯಾಡಗಿಯ ಮಗ್ಗುಲಲ್ಲೇ ಇದ್ದು ಪ್ಯಾಕೆಟ್ ಮೆಣಸಿನಕಾಯಿ ತಿನ್ನುವಷ್ಟು ಗತಿಗೆಟ್ಟಿಲ್ಲ ನಾನು.

ಹಾಗಾಗಿ ಇವತ್ತು ನಮ್ಮ ಗುಡದಪ್ಪನ ಕಿರಾಣಿ ಅಂಗಡಿಗೆ ಹೋದೆ. ಅವನು ಎಷ್ಟು ಬೇಕೆಂದೂ ಕೇಳದೆ ಮೆಣಸಿನಕಾಯಿ ತೂಗಿದ. ನಾವಿಬ್ಬರೂ ಪ್ರತಿ ವರ್ಷ ಒಯ್ಯುತ್ತಿದ್ದ ಹಾಗೆಯೇ ಎರಡು ಪಾಲು ಮಾಡಿ, ಎರಡು ಚೀಲಕ್ಕೆ ತುಂಬಿದ.

"ಮೆಣಸಿನಕಾಯಿ ಕಂಡ್ರ ಸೀನ್ತಿದ್ರಲ್ಲ, ಆ ಅಕ್ಕಾರು ಎಲ್ಲಿ ಅದಾರ್ರಿ? ಇವತ್ತೂ ಹೊರಗ ನಿಂತಾರೇನು?" ಎಂದ.

ನಾನು ಬೀದಿಯ ಕಡೆ ತಿರುಗಿ ನೋಡಿದೆ.

"ಆಕಿ ಹಾವೇರ್ಯಾಗ ಅದಾಳ," ಎಂದೆ.

"ಹಂಗಾರ ಅವರ ಪಾಲು ನೀವ ಮುಟ್ಟಸ್ರಿ ಮತ್ತ."

"ಮುಟ್ಟಸ್ತೇನಿ."

ಒಂದೇ ಚೀಲ ಸಾಕು ಎನ್ನಬಹುದಿತ್ತು. ಎನ್ನಲಿಲ್ಲ. ಬರುವಾಗ ಬಸ್ ನಿಲ್ದಾಣದಲ್ಲಿ ಹಾವೇರಿ ಬಸ್ಸು ನಿಂತಿತ್ತು. ಸೀಟುಗಳೂ ಖಾಲಿ ಇದ್ದವು. ಎರಡೂ ಚೀಲ ಹಿಡಿದು ಮನೆಗೆ ಬಂದೆ.

ಸಂಜೆ ಕುಳಿತು ನನ್ನ ಪಾಲಿನ ತೊಟ್ಟು ಮುರಿದು ಮುಗಿಸಿದೆ. ಆಮೇಲೆ ನಿನ್ನ ಚೀಲವನ್ನೂ ಬಿಚ್ಚಿದೆ. ತೊಟ್ಟು ಮುರಿಯಲು ಕುಳಿತರೆ ನಿನಗೆ ಸೀನು ನಿಲ್ಲುವುದಿಲ್ಲ. ಅಲ್ಲಿ ಯಾರು ಮುರಿದು ಕೊಡುತ್ತಾರೋ ಗೊತ್ತಿಲ್ಲ.