ಒಗ್ಗರಣೆ ಹಾಕಿದ ಕಾರ್ನ್‌ಫ್ಲೇಕ್ಸ್

ಗ್ರೀನ್‌ಫರ್ಡ್, ಲಂಡನ್
9 ಫೆಬ್ರವರಿ 1998

ಅತ್ತೆಯವರಿಗೆ ಅಳಿಯ ಪ್ರಸಾದನ ನಮಸ್ಕಾರಗಳು.

ಫೋನಿನಲ್ಲಿ ಮತ್ತೆ ನಾಲಿಗೆ ಜಾರೀತೆಂದು ಪೆನ್ನು ಹಿಡಿದಿದ್ದೇನೆ.

ಬಸುರಿ ಸುವರ್ಣಾಳ ಕುಬಸದ ದಿನ ನೀವು ಕಾರ್ನ್‌ಫ್ಲೇಕ್ಸಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಚೂಡಾ ಮಾಡಿದ್ದಿರಿ. ಸಪ್ಪೆ ತಿಂದರೆ ಗಂಡಸರ ಬಿಸಿ ಇಳಿಯುತ್ತದೆಂದು ನಂಬಿದ್ದ ಅಮೆರಿಕದ ಡಾಕ್ಟರೊಬ್ಬನ ಆರೋಗ್ಯಧಾಮದಲ್ಲಿ ಈ ತಿಂಡಿ ಹುಟ್ಟಿತೆಂದು ನಾನು ಓದಿದ್ದೆ. ಓದಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕಿತ್ತು. ಇಪ್ಪತ್ತು ಜನರೆದುರು ಆ ಕಥೆ ಹೇಳಿ, “ಅತ್ತೆಯವರು ಒಗ್ಗರಣೆ ಹಾಕಿ ಔಷಧ ಕೆಡಿಸಿದರು, ಪರಿಣಾಮ ನೋಡ್ರಿ!” ಎಂದು ಸುವರ್ಣಾಳ ಹೊಟ್ಟೆ ತೋರಿಸಿದೆ. ಎಲ್ಲರೂ ನಕ್ಕರು. ನೀವು ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದವರು, ಮರುದಿನವೇ ಹ್ಯಾರೋದಲ್ಲಿರುವ ಮಗನ ಮನೆ ಸೇರಿದಿರಿ.

ಹೆರಿಗೆಗೆ ಇನ್ನು ಮೂರೇ ವಾರ. “ಅವ್ವ ಬರೋತನಕ ನನ್ನ ಕೂಡ ಮಾತಾಡಬ್ಯಾಡ್ರಿ” ಅಂದಿದ್ದಾಳೆ ಸುವರ್ಣಾ. ಬಾಣಂತನ ನನ್ನ ಕೈಲಾಗುವ ಕೆಲಸವಲ್ಲ. ಭಾನುವಾರ ಕಾರು ತರುತ್ತೇನೆ. ನೀವು ಹಿಂದಿನ ಸೀಟಿನಲ್ಲಿ ಕೂತರೆ ಸಾಕು, ದಾರಿಯುದ್ದಕ್ಕೂ ನಾನು ಬಾಯಿ ಬಿಡುವುದಿಲ್ಲ.

ಈಗ ದಿನಾ ಕಾರ್ನ್‌ಫ್ಲೇಕ್ಸನ್ನು ಸಪ್ಪೆಯಾಗಿಯೇ ತಿನ್ನುತ್ತಿದ್ದೇನೆ. ಡಾಕ್ಟರು ಹೇಳಿದ ಗುಣ ಗೊತ್ತಿಲ್ಲ, ನಾಲಿಗೆಯಂತೂ ತಣ್ಣಗಾಗಿದೆ. ನಿಮ್ಮ ಚೂಡಾ ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿದಿದೆ. ನೀವು ಬಂದು ಬಡಿಸುವ ತನಕ ಮುಟ್ಟುವುದಿಲ್ಲ.

ತಲೆ ತಗ್ಗಿಸಿರುವ,
ಪ್ರಸಾದ