ತಿದ್ದಿದ ಚೀಟಿಗಳು

ಮಾರ್ಚ್ ೩, ಸೋಮವಾರ

ಇಂದು ಹದಿನೇಳು ದೂರು. ಹನ್ನೆರಡು ಮನೆಗೆ ನೀರು ಬಂದಿಲ್ಲ, ನಾಲ್ಕು ಕಡೆ ಪೈಪ್ ಒಡೆದಿದೆ. ಒಬ್ಬಾತ ಬಾಟಲಿ ತುಂಬ ಕೆಸರು ನೀರು ತಂದು ನನ್ನ ಟೇಬಲ್ ಮೇಲೆ ಕುಕ್ಕಿ, "ಕುಡೀರಿ ನೋಡೋಣ" ಅಂದ. ಕುಡಿಯಲಿಲ್ಲ. ರಿಜಿಸ್ಟರಿನಲ್ಲಿ ಬರೆದೆ — 'ನೀರಿನ ಗುಣಮಟ್ಟ ಪರಿಶೀಲಿಸಲು ಕೋರಿದ್ದಾರೆ.' ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೈಗುಳ ಸೋಸಿ ವಿಷಯ ಇಳಿಸುವುದು. ತಪಾಸಣೆಗೆ ಬಂದವರಿಗೆ ಸಾಹೇಬರು ನನ್ನ ರಿಜಿಸ್ಟರ್ ತೋರಿಸುತ್ತಾರೆ — ನಮ್ಮ ಜನ ಎಷ್ಟು ಮರ್ಯಾದಸ್ಥರು ನೋಡಿ ಎಂದು.

ಮನೆಗೆ ಬಂದು ನಮ್ಮ ಯಜಮಾನರ ಕತ್ತಿನ ಕೊಳವೆ ತೊಳೆದೆ. ಆಪರೇಷನ್ ಆಗಿ ನಲವತ್ತೊಂದು ದಿನ. ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರು ಕತ್ತಿನ ತೂತಿನಿಂದ, ಮಾತು ಸ್ಲೇಟಿನಿಂದ. ಒಳಗಿನ ಕೋಣೆಯಿಂದ ಸ್ಲೇಟಿನ ಮರದ ಕಟ್ಟು ಕುಟ್ಟಿ ಕರೆಯುತ್ತಾರೆ. ಎರಡು ಸಲ ಅಂದರೆ ನೀರು, ಮೂರು ಸಲ ಅಂದರೆ ಬಾ. ಗಂಡಹೆಂಡಿರ ಜಗಳವೂ ಸ್ಲೇಟಿನ ಮೇಲೆಯೇ. ನನಗೆ ಹಿಡಿಸದ್ದನ್ನು ಒರೆಸಿಬಿಡುತ್ತೇನೆ, ಇವರು ಮತ್ತೆ ಬರೆಯುತ್ತಾರೆ.

ಮೂವತ್ತು ವರ್ಷ ಚರ್ಚಿನಲ್ಲಿ ಹಾಡು ಎತ್ತಿಕೊಟ್ಟವರು. ಇವರ ಕೈ ಮೇಲೇಳದೆ ಒಂದು ಹಾಡೂ ಶುರುವಾಗುತ್ತಿರಲಿಲ್ಲ. ಈಗ ನೋಡಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ — "ದೇವರ ಚಿತ್ತ ಕಣಮ್ಮಾ." ಮೈ ಉರಿಯುತ್ತದೆ. ಚಿತ್ತವೇ ಆಗಿದ್ದರೆ ಕೈ ಇತ್ತಲ್ಲ, ಕಾಲು ಇತ್ತಲ್ಲ? ಅಷ್ಟು ಬೇಕಿದ್ದರೆ ನನ್ನ ನಾಲಿಗೆ ಇತ್ತಲ್ಲ? ಅದನ್ನು ತೆಗೆದಿದ್ದರೆ ಅರ್ಧ ಊರು ಸ್ತೋತ್ರ ಹೇಳುತ್ತಿತ್ತು.

ಮಾರ್ಚ್ ೫, ಬುಧವಾರ. ಊಟದ ಹೊತ್ತು

ಡಬ್ಬಿ ಮುಂದಿಟ್ಟುಕೊಂಡು ಕಚೇರಿಯಲ್ಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಬರುವಾಗ ಚರ್ಚಿನ ಪ್ರಾರ್ಥನಾ ಪೆಟ್ಟಿಗೆಗೆ ಒಂದು ಚೀಟಿ ಹಾಕಿ ಬಂದೆ. ನಾನು! ಹನ್ನೆರಡು ವರ್ಷದಿಂದ ಆ ಪೆಟ್ಟಿಗೆ ತೆರೆದು, ಚೀಟಿಗಳನ್ನೆಲ್ಲ ಭಾನುವಾರ ಪಾಸ್ಟರ್ ಓದಲೆಂದು ನೋಟ್‌ಬುಕ್ಕಿಗೆ ಚೊಕ್ಕವಾಗಿ ಇಳಿಸುವವಳೇ ನಾನು. ಇವರ ಆರೈಕೆ ಇದೆಯೆಂದು ಈ ತಿಂಗಳು ಆ ಕೆಲಸ ಮೇಷ್ಟ್ರಿಗೆ ಕೊಟ್ಟಿದ್ದೇನೆ. ರಿಟೈರಾದ ಮೇಷ್ಟ್ರು, ಚರ್ಚಿನ ಸಭೆಯ ಕಾರ್ಯದರ್ಶಿ. ಅಕ್ಷರ ಮುತ್ತು ಪೋಣಿಸಿದ ಹಾಗೆ.

ಬರೆದದ್ದು ಇಷ್ಟೇ — 'ಮೂವತ್ತು ವರ್ಷ ನಿನ್ನನ್ನು ಹಾಡಿದ ಗಂಟಲನ್ನೇ ಯಾಕೆ ಕಿತ್ತುಕೊಂಡೆ? ಕಾರಣ ಹೇಳು.'

ಎದೆ ಹಗುರಾಯಿತು. ಕೇಳಬೇಕಾದವನನ್ನೇ ಕೇಳಿದ್ದೇನೆ, ಬೆನ್ನ ಹಿಂದೆ ಆಡಿಕೊಂಡಿಲ್ಲ. ಭಾನುವಾರ ಸಭೆಯೆಲ್ಲ ಕೇಳಲಿ.

ಮಾರ್ಚ್ ೯, ಭಾನುವಾರ

ಚಪ್ಪಲಿ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ಸಿಟ್ಟಿಗೆ.

ಪಾಸ್ಟರ್ ಓದಿದ್ದು — 'ಸಹೋದರಿಯೊಬ್ಬರು ತಮ್ಮ ಪತಿಯ ಶಸ್ತ್ರಚಿಕಿತ್ಸೆ ಯಶಸ್ವಿಯಾದುದಕ್ಕಾಗಿ ಕರ್ತನಿಗೆ ಕೃತಜ್ಞತೆ ಸಲ್ಲಿಸುತ್ತಾರೆ.' ಸಭೆಯೆಲ್ಲ "ಆಮೆನ್" ಅಂದಿತು. ಮುಂದಿನ ಬೆಂಚಿನವಳು ತಿರುಗಿ ನನ್ನತ್ತ ನಕ್ಕಳು ಬೇರೆ. ಯಶಸ್ವಿಯಂತೆ! ಕೃತಜ್ಞತೆಯಂತೆ!

ಆರಾಧನೆ ಮುಗಿದದ್ದೇ ತಡ, ಮೇಷ್ಟ್ರನ್ನು ಬಾಗಿಲಲ್ಲಿ ಹಿಡಿದೆ. "ಮೇಷ್ಟ್ರೇ, ನಾನು ಬರೆದದ್ದೇನು, ನೀವು ಓದ್ಸಿದ್ದೇನು?"

ಒಂದಿಷ್ಟೂ ಅಳುಕಲಿಲ್ಲ ಮಹಾನುಭಾವರು. ಕನ್ನಡಕ ಒರೆಸುತ್ತ, "ನಿಮ್ಮಿಂದ್ಲೇ ಕಲಿತದ್ದಲ್ವೇನಮ್ಮಾ? ನಿಮ್ಮ ಹಳೇ ನೋಟ್‌ಬುಕ್ ಪಕ್ಕದಲ್ಲಿ ಇಟ್ಕೊಂಡೇ ಬರೆದೆ. ಸಿಟ್ಟಿನ ಚೀಟಿ ಬಂದ್ರೆ ನೀವು ಹೀಗೇ ಅಲ್ವಾ ಮಾಡೋದು?" ಅಂದರು.

ಹಳೇ ನೋಟ್‌ಬುಕ್ಕನ್ನೂ ನನ್ನ ಚೀಟಿಯನ್ನೂ ಅವರಿಂದ ಇಸಿದುಕೊಂಡು ಬಸ್ಸು ಹತ್ತಿದೆ.

ಮಾರ್ಚ್ ೧೦, ಸೋಮವಾರ. ಬೆಳಿಗ್ಗೆ ಆರು

ದೇವರಿಗೆ ಬರೆದ ಚೀಟಿಯನ್ನು ಕಸಕ್ಕೆ ಹಾಕಬಾರದೆಂದು ಎಲ್ಲವನ್ನೂ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟಿದ್ದೆ. ಎಂಥ ಭಕ್ತಿ ನನ್ನದು! ಡಬ್ಬ ಸುರಿದುಕೊಂಡು ಕೂತೆ.

'ಅತ್ತೆಯ ಬಾಯಿಗೆ ಬೀಗ ಹಾಕು, ಇಲ್ಲ ನನ್ನ ಕಿವಿಗೆ ಹಾಕು' — ಇದನ್ನು 'ಕುಟುಂಬದಲ್ಲಿ ಸಮಾಧಾನಕ್ಕಾಗಿ' ಮಾಡಿದ್ದೇನೆ. ನಗು ಬಂತು. ಮುಂದಿನದಕ್ಕೆ ಬರಲಿಲ್ಲ. ಕಚೇರಿ ದಾರಿಯ ಬೇಕರಿಯಾಕೆಯ ಚೀಟಿ, ಹನ್ನೊಂದು ವರ್ಷದ ಹಿಂದಿನದು. ಪೆನ್ಸಿಲ್ ಒತ್ತಿ ಬರೆದು ಕಾಗದ ಹರಿದಿದೆ. 'ಹನ್ನೊಂದು ದಿನದ ಕೂಸು ನಿನಗೆ ಯಾಕೆ ಬೇಕಿತ್ತು? ನನಗಿದ್ದದ್ದೇ ಅದೊಂದು.' ನೋಟ್‌ಬುಕ್ಕಿನಲ್ಲಿ ನನ್ನ ದುಂಡು ಅಕ್ಷರ — 'ಒಂದು ಕುಟುಂಬಕ್ಕೆ ಸಾಂತ್ವನ ದೊರೆಯಲೆಂದು.'

ಆಮೇಲೆ ಆಕೆ ಚರ್ಚಿಗೆ ಬಂದದ್ದು ನೆನಪಿಲ್ಲ. ನಂಬಿಕೆ ಬಿಟ್ಟಳು ಎಂದು ಜನ ಆಡಿಕೊಂಡರು. ನಾನೂ ಆಡಿಕೊಂಡೆ.

ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ ೧೫, ಶನಿವಾರ

ನಾಲ್ಕು ದಿನ ಬೇಕರಿಯ ಎದುರಿನ ಫುಟ್‌ಪಾತಿನಲ್ಲೇ ಹಾದುಹೋದೆ. ಇಂದು ರಸ್ತೆ ದಾಟಿದೆ.

ಆಕೆ ಒಲೆಯಿಂದ ತಟ್ಟೆ ಎಳೆಯುತ್ತಿದ್ದಳು, ಮೊಣಕೈವರೆಗೆ ಹಿಟ್ಟು. ಚೀಟಿ ಮುಂದೆ ಹಿಡಿದೆ. ಕೈ ಒರೆಸಿಕೊಂಡು ಓದಿದಳು. ಬಹಳ ಹೊತ್ತು ಓದಿದಳು, ಇದ್ದದ್ದು ಎರಡೇ ಸಾಲು.

"ಅವತ್ತು ನಾನೂ ಕೂತಿದ್ದೆ ಅಕ್ಕ. ಓದ್ತಾರೆ ಓದ್ತಾರೆ ಅಂತ ಕಾಯ್ತಾನೇ ಇದ್ದೆ. ಸಾಂತ್ವನ ಗೀಂತ್ವನ ಅಂತ ಏನೋ ಓದಿದ್ರು, ಅದು ನಂದು ಅಂತ ಗೊತ್ತೇ ಆಗ್ಲಿಲ್ಲ. ನನ್ ಚೀಟಿ ಬೇಡ ಅಂತ ಬಿಸಾಕಿದಾರೆ ಅಂದ್ಕೊಂಡು ಎದ್ದು ಬಂದೆ."

ತಪ್ಪಾಯ್ತು ಅಂದೆ. ಇಷ್ಟು ಸಣ್ಣ ಮಾತು ಈ ಬಾಯಿಂದ ಎಂದೂ ಬಂದಿರಲಿಲ್ಲ.

"ದೇವರ ಮೇಲೆ ಇನ್ನೂ ಸಿಟ್ಟಾ?" ಕೇಳಿದೆ.

"ಅವನ ಹತ್ರ ದಿನಾ ಜಗಳ ಆಡ್ತೀನಿ, ಈ ಒಲೆ ಮುಂದೆ. ಅವನು ಬಿಟ್ಟು ಹೋಗಿಲ್ಲ, ನಾನೂ ಬಿಟ್ಟಿಲ್ಲ. ನನ್ ಸಿಟ್ಟೆಲ್ಲ ನಿಮ್ಮ ಸಭೆ ಮೇಲೆ." ಚೀಟಿ ಮಡಚಿ ನನ್ನ ಕೈಗೇ ಇಟ್ಟಳು. "ನೀವೇ ಓದಿ. ಅಲ್ಲೇ ನಿಂತು. ಹೀಗೇ."

ಮಾರ್ಚ್ ೧೯, ಬುಧವಾರ

ಪಾಸ್ಟರ್ ಮನೆಗೆ ಹೋಗಿ ಎರಡೂ ಚೀಟಿ ಟೀಪಾಯಿಯ ಮೇಲಿಟ್ಟೆ. ಆಕೆಯದು, ನನ್ನದು. ಭಾನುವಾರ ಇದ್ದದ್ದು ಇದ್ದ ಹಾಗೆ ಓದಬೇಕು ಅಂದೆ.

"ಹೊಸಬ್ರು ಬರ್ತಿದಾರಮ್ಮ. ಇಂಥದ್ದು ಕೇಳಿದ್ರೆ ಅವರ ನಂಬಿಕೆ ಕುಗ್ಗಲ್ವಾ? ನಂಬಿಕೆ ಇರೋರು ಹೀಗೆಲ್ಲ ಕೇಳ್ತಾರಾ?"

ತಡೆಯಲಾಗಲಿಲ್ಲ. "ಪಾಸ್ಟರ್, ಇಪ್ಪತ್ತೆರಡು ವರ್ಷ ದೂರು ಕೌಂಟರ್‌ನಲ್ಲಿ ಕೂತಿದೀನಿ. ನೀರು ಬರೋದೇ ಇಲ್ಲ ಅಂತ ಗೊತ್ತಾದೋರು ನಮ್ಮತ್ರ ಬರಲ್ಲ, ಸುಮ್ಮನೆ ಬಾವಿ ತೋಡ್ಕೋತಾರೆ. ಬಂದೇ ಬರತ್ತೆ ಅಂತ ನಂಬಿರೋರೇ ಬಂದು ಟೇಬಲ್ ಕುಟ್ಟೋದು. ನಾನು ಬಾವಿ ತೋಡೋಕೆ ಹೋಗಿಲ್ಲ. ಅವನ ಟೇಬಲ್ಲೇ ಕುಟ್ತಾ ಇದೀನಿ!"

ಹಾಗಂದು ನಿಜವಾಗಿಯೂ ಟೀಪಾಯಿ ಕುಟ್ಟಿದೆ. ಕಾಫಿ ಚೆಲ್ಲಿತು. ಪಾಸ್ಟರ್ ಹೆಂಡತಿ ಬಟ್ಟೆ ತಂದು ಒರೆಸಿದರು.

"ನೋಡೋಣ" ಅಂದರು ಪಾಸ್ಟರ್. ನಮ್ಮ ಕಚೇರಿ ಭಾಷೆಯಲ್ಲಿ ಹಾಗೆಂದರೆ ಇಲ್ಲ ಎಂದರ್ಥ.

ಮಾರ್ಚ್ ೨೨, ಶನಿವಾರ. ಮಧ್ಯಾಹ್ನ

ಪಾಸ್ಟರ್ ಫೋನ್. ಧ್ವನಿ ದಣಿದಿತ್ತು. "ಮೂರು ದಿನ ಯೋಚ್ನೆ ಮಾಡ್ದೆ. ಶಿಲುಬೆ ಮೇಲೆ ಕರ್ತನೂ 'ಯಾಕೆ ನನ್ನ ಕೈಬಿಟ್ಟೆ' ಅಂತಾನೇ ಕೇಳಿದ್ದು. ಅದನ್ನ ಯಾರೂ ತಿದ್ದಿ ಬರೀಲಿಲ್ಲ. ಓದೋಣಮ್ಮ. ಆದ್ರೆ ನೀವೇ ಓದಿ."

ಗೆದ್ದೆನೆಂದು ಕುಣಿಯುತ್ತ ಒಳಗೆ ಹೋಗಿ ಇವರಿಗೆ ನನ್ನ ಚೀಟಿ ತೋರಿಸಿದೆ. ಇಷ್ಟು ದಿನ ತೋರಿಸಿರಲಿಲ್ಲ, ನೊಂದುಕೊಳ್ಳುತ್ತಾರೆಂದು. ಓದಿ, ಸ್ಲೇಟು ಎಳೆದುಕೊಂಡರು. 'ಗಂಟಲು ನನ್ನದು. ನನ್ನನ್ನು ಕೇಳಿದೆಯಾ?'

ಉರಿದುಬಿದ್ದೆ. "ನಿಮಗೋಸ್ಕರ ಊರೆಲ್ಲ ಜಗಳ ಆಡ್ತಿದೀನಿ, ನೀವು ನನ್ನನ್ನೇ ಕೇಳ್ತೀರಾ?"

'ನನ್ನ ಪ್ರಶ್ನೆ ಬೇರೆ' ಎಂದು ಬರೆದರು. ಒರೆಸಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ. ಇವರು ಬರೆಯುವ ಮೊದಲೇ ಇವರ ಚೀಟಿಯನ್ನೂ ನಾನೇ ತಿದ್ದಿಬಿಟ್ಟಿದ್ದೆನಲ್ಲ!

ಕಾಗದ ಕೊಟ್ಟೆ. ಬರೆದು, ನಾಲ್ಕು ಮಡಿಕೆ ಮಾಡಿ, ನನ್ನ ಬ್ಯಾಗಿಗೆ ತಾವೇ ಹಾಕಿದರು. ಸ್ಲೇಟಿನಲ್ಲಿ — 'ಅಲ್ಲೇ ಬಿಚ್ಚು. ನಾನೂ ಬರುತ್ತೇನೆ.' ಆಪರೇಷನ್ ಆದ ಮೇಲೆ ಇವರು ಹೊಸ್ತಿಲು ದಾಟಿದ್ದು ಆಸ್ಪತ್ರೆಗೆ ಮಾತ್ರ.

ಮಾರ್ಚ್ ೨೩, ಭಾನುವಾರ. ಸಂಜೆ

ಓದಿದೆ.

ಮೊದಲು ಬೇಕರಿಯಾಕೆಯದು. ಹೆಸರು ಹೇಳಲಿಲ್ಲ. ಯಾರೂ "ಆಮೆನ್" ಅನ್ನಲಿಲ್ಲ. ಮೇಷ್ಟ್ರು ನೆಲ ನೋಡುತ್ತಿದ್ದರು. ಆಮೇಲೆ ಕೊನೆಯ ಬೆಂಚಿನಿಂದ ಒಂದೇ ಒಂದು ದನಿ ಬಂತು — "ಆಮೆನ್." ತೋಳಿನಲ್ಲಿ ಹಿಟ್ಟು ಹಾಗೇ ಇತ್ತು. ಬಾಗಿಲ ಪಕ್ಕದಲ್ಲೇ ಕೂತಿದ್ದಳು, ಆದರೆ ಕೂತಿದ್ದಳು.

ಆಮೇಲೆ ನನ್ನದು. ಗಟ್ಟಿಯಾಗಿ ಓದಿದೆ. ಕಾರಣ ಹೇಳು ಎಂಬುದನ್ನು ಎರಡು ಸಲ ಓದಿದೆ.

ಮೂರನೆಯದನ್ನು ಬಿಚ್ಚಿದೆ. ಇವರು ನೇರ ನನ್ನನ್ನೇ ನೋಡುತ್ತಿದ್ದರು, ಕತ್ತಿಗೆ ಮಫ್ಲರ್ ಸುತ್ತಿ. ಒಂದೇ ಸಾಲು. 'ಇನ್ನು ನಿನಗೆ ಹಾಡುವುದು ಹೇಗೆ?'

ಯಾಕೆ ಎಂದು ಕೇಳಿಲ್ಲ ಈ ಮನುಷ್ಯ. ಹೇಗೆ ಎಂದು ಕೇಳಿದ್ದಾರೆ. ಒಂದಕ್ಷರ ತಿದ್ದದೆ ಓದಿ ಮುಗಿಸಿದ್ದೇ ದೊಡ್ಡದು. ಇಳಿದು ಬಂದು ಪಕ್ಕದಲ್ಲಿ ಕೂತು ಅತ್ತೆ.

ಈಗ ಕೇಳು ಸ್ವಾಮಿ. ಇಂಥವರ ಗಂಟಲು ತೆಗೆದೆ ನೀನು. ನನ್ನ ಸಿಟ್ಟು ಇಳಿದಿಲ್ಲ, ಗೊತ್ತಿರಲಿ. ನೀನು ಇದ್ದೀಯ, ಕೇಳಿಸಿಕೊಳ್ಳುತ್ತೀಯ ಎಂದು ನಂಬಿರುವುದರಿಂದಲೇ ಇಳಿದಿಲ್ಲ. ನನ್ನ 'ಯಾಕೆ' ಬೇಕಾದರೆ ಸಾಲಿನಲ್ಲಿ ಕಾಯಲಿ, ನನಗೆ ಕೌಂಟರಿನ ಅಭ್ಯಾಸವಿದೆ. ಮೊದಲು ಇವರದಕ್ಕೆ ಉತ್ತರ ಕೊಡು. ನಾಳೆಯೂ ಕೇಳುತ್ತೇನೆ, ನಾಡಿದ್ದೂ —

ಒಳಗಿನಿಂದ ಸ್ಲೇಟು ಕುಟ್ಟುತ್ತಿದ್ದಾರೆ. ನೀರು ಬೇಕೇನೋ.

ಎರಡಲ್ಲ. ಮೂರೂ ಅಲ್ಲ. ಒಂದು... ಬಿಟ್ಟು ಎರಡು... ಮತ್ತೆ ಒಂದು. ನಿಲ್ಲಿಸುತ್ತಿಲ್ಲ. ಇದು ಕರೆಯುವುದಲ್ಲ. ತಾಳ. ಪ್ರತಿ ಭಾನುವಾರ ಇವರು ಮೊಟ್ಟಮೊದಲು ಎತ್ತಿಕೊಡುತ್ತಿದ್ದ ಹಾಡಿನದೇ, ಅದೇ —